ನದಿಗಳಿಗೆ ಮಂಡಳಿ ಇದೆ, ಅಲ್ಪಸಂಖ್ಯಾತರಿಗೆ ಏನಿದೆ?

2024ರ ಜೂನ್ 2ರಂದು ಹೈದರಾಬಾದ್ ನಗರವು ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ಜಂಟಿ ರಾಜಧಾನಿಯಾಗಿ ಉಳಿಯಲಿಲ್ಲ. ವಿಭಜನೆಯ ಕಾಯ್ದೆ ಅದಕ್ಕೆ ನೀಡಿದ್ದ ಹತ್ತು ವರ್ಷಗಳ ಅವಧಿ ಅಂದು ಮುಗಿಯಿತು. ಆ ದಿನಗಳಲ್ಲಿ ಪತ್ರಿಕೆಗಳು ಲೆಕ್ಕಪತ್ರವನ್ನು ಬಿಡಿಸಿಟ್ಟವು. ಯಾವ ಕಟ್ಟಡ ಯಾರಿಗೆ, ಯಾವ ನಿಗಮದ ಆಸ್ತಿ ಎಷ್ಟು, ಕೃಷ್ಣೆಯ ನೀರು ಯಾರ ಪಾಲಿಗೆ, ವಿದ್ಯುತ್ತಿನ ಬಾಕಿ ಎಷ್ಟು ಎಂಬುದೆಲ್ಲ ಚರ್ಚೆಯಾಯಿತು. ಒಂದು ಪ್ರಶ್ನೆ ಮಾತ್ರ ಎಲ್ಲೂ ಕೇಳಿಬರಲಿಲ್ಲ: ರಾಜ್ಯ ಇಬ್ಭಾಗವಾದಾಗ ಅಲ್ಲಿನ ಅಲ್ಪಸಂಖ್ಯಾತರಿಗೆ ಏನಾಯಿತು? ಅವರ ಪಾಲನ್ನು ಯಾರು, ಯಾವ ಪುಟದಲ್ಲಿ ಬರೆದರು?

ನಾವು ನೆರೆಮನೆಯವರು. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳು 1956ರವರೆಗೆ ಅದೇ ಹೈದರಾಬಾದ್ ಸಂಸ್ಥಾನದ ಅಂಗವಾಗಿದ್ದವು. ಅಲ್ಲಿನ ಅನುಭವದಿಂದ ಪಾಠ ಕಲಿಯುವ ಹಕ್ಕು ಮತ್ತು ಹೊಣೆ ಎರಡೂ ನಮಗಿವೆ.

ಮೊದಲು ಕಾಯ್ದೆಯನ್ನೇ ನೋಡೋಣ. ಆಂಧ್ರಪ್ರದೇಶ ಪುನರ್ವಿಂಗಡಣಾ ಕಾಯ್ದೆ, 2014ರಲ್ಲಿ ಹನ್ನೆರಡು ಭಾಗಗಳಿವೆ. ಶಾಸಕಾಂಗದ ಸ್ಥಾನಗಳು, ಹೈಕೋರ್ಟು, ವೆಚ್ಚ ಮತ್ತು ಆದಾಯ, ಆಸ್ತಿ ಮತ್ತು ಸಾಲ, ನಿಗಮಗಳು, ನೌಕರರ ಸೇವೆ, ಜಲಸಂಪನ್ಮೂಲ, ಮೂಲಸೌಕರ್ಯ, ಉನ್ನತ ಶಿಕ್ಷಣ ಇವೆಲ್ಲಕ್ಕೂ ಒಂದೊಂದು ಭಾಗವನ್ನು ಮೀಸಲಿಡಲಾಗಿದೆ. ಗೋದಾವರಿಗೆ ಒಂದು, ಕೃಷ್ಣೆಗೆ ಒಂದು ಎಂದು ಎರಡು ನದಿ ನಿರ್ವಹಣಾ ಮಂಡಳಿಗಳನ್ನು ಕಾಯ್ದೆಯೇ ರಚಿಸುತ್ತದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಪಟ್ಟಿಗಳನ್ನು ಎರಡೂ ರಾಜ್ಯಗಳಿಗೆ ಅನ್ವಯಿಸುವಂತೆ ತಿದ್ದುತ್ತದೆ. ಕಾಲೇಜುಗಳ ಪ್ರವೇಶದಲ್ಲಿ ಆಗ ಜಾರಿಯಲ್ಲಿದ್ದ ಕೋಟಾಗಳು ಗರಿಷ್ಠ ಹತ್ತು ವರ್ಷಗಳ ಕಾಲ ಮುಂದುವರಿಯಬೇಕೆಂದು 95ನೇ ಸೆಕ್ಷನ್ ಹೇಳುತ್ತದೆ. ಇನ್ನು 8ನೇ ಸೆಕ್ಷನ್ನಿನ ಪ್ರಕಾರ, ಜಂಟಿ ರಾಜಧಾನಿ ಪ್ರದೇಶದಲ್ಲಿ ವಾಸಿಸುವ ಎಲ್ಲರ ಜೀವ, ಸ್ವಾತಂತ್ರ್ಯ ಮತ್ತು ಆಸ್ತಿಯ ಭದ್ರತೆ ರಾಜ್ಯಪಾಲರ ವಿಶೇಷ ಹೊಣೆ.

ಈ 8ನೇ ಸೆಕ್ಷನ್ ಯಾಕೆ ಬಂತು? ತೆಲಂಗಾಣ ರಚನೆಯಾದರೆ ಹೈದರಾಬಾದಿನಲ್ಲಿ ನೆಲೆಸಿರುವ ಆಂಧ್ರ ಮೂಲದವರ ಗತಿಯೇನು ಎಂಬ ಆತಂಕ ಆಗ ಬಲವಾಗಿತ್ತು. ಆ ಆತಂಕಕ್ಕೆ ಧ್ವನಿಯಿತ್ತು, ಉದ್ಯಮಿಗಳ ಬೆಂಬಲವಿತ್ತು, ದಿಲ್ಲಿಯಲ್ಲಿ ಮಾತಾಡುವವರಿದ್ದರು. ಆದ್ದರಿಂದ ಅದು ಕಾನೂನಿನ ಭಾಷೆಯಾಗಿ ಮಾರ್ಪಟ್ಟಿತು. ಅದು ತಪ್ಪಲ್ಲ. ನಿಜವಾಗಿ ಹಾಗೆಯೇ ಆಗಬೇಕು. ಆದರೆ ಹನ್ನೆರಡು ಭಾಗಗಳಲ್ಲಿ ಧಾರ್ಮಿಕ ಅಥವಾ ಭಾಷಿಕ ಅಲ್ಪಸಂಖ್ಯಾತರ ಹಿತರಕ್ಷಣೆಗೆಂದು ಒಂದು ಭಾಗವೂ ಇಲ್ಲ. 13ನೇ ಅನುಸೂಚಿಯಲ್ಲಿ ಕೇಂದ್ರ ಸರಕಾರವು ಸ್ಥಾಪಿಸಲಿರುವ ಸಂಸ್ಥೆಗಳ ಉದ್ದನೆಯ ಪಟ್ಟಿಯಿದೆ. ಐಐಟಿ, ಐಐಎಂ, ಎನ್‌ಐಟಿ, ಎರಡೂ ರಾಜ್ಯಗಳಲ್ಲಿ ಒಂದೊಂದು ಬುಡಕಟ್ಟು ವಿಶ್ವವಿದ್ಯಾಲಯ ಎಲ್ಲವೂ ಅದರಲ್ಲಿವೆ. ಉರ್ದುವಿನ ಹೆಸರಿನಲ್ಲಿ ಒಂದೂ ಇಲ್ಲ.

ಇದರಿಂದ ಏನು ವ್ಯತ್ಯಾಸವಾಯಿತು ಎಂದು ಕೇಳಬಹುದು. ಅಂಕಿಗಳನ್ನು ಗಮನಿಸಿ. 2011ರ ಜನಗಣತಿಯಂತೆ ಅವಿಭಜಿತ ಆಂಧ್ರದಲ್ಲಿ ಸುಮಾರು 80 ಲಕ್ಷ ಮುಸ್ಲಿಮರಿದ್ದರು. ಜನಸಂಖ್ಯೆಯಲ್ಲಿ ಅವರ ಪಾಲು ಶೇ. 9.6ರ ಆಸುಪಾಸು. ಗಡಿಗೆರೆ ಎಳೆದ ಬಳಿಕ ತೆಲಂಗಾಣದಲ್ಲಿ ಆ ಪಾಲು ಶೇ. 12.7ಕ್ಕೆ ಏರಿತು. ಉಳಿದ ಆಂಧ್ರದಲ್ಲಿ ಶೇ. 7.3ಕ್ಕೆ ಇಳಿಯಿತು. ಒಬ್ಬನೇ ಒಬ್ಬ ವ್ಯಕ್ತಿ ಮನೆ ಬದಲಿಸಲಿಲ್ಲ, ಯಾರೂ ವಲಸೆ ಹೋಗಲಿಲ್ಲ. ಆದರೂ ಒಂದು ಬದಿಯವರ ರಾಜಕೀಯ ತೂಕ ಹೆಚ್ಚಿತು, ಇನ್ನೊಂದು ಬದಿಯವರದು ಕುಗ್ಗಿತು. ಚುನಾವಣೆಯೆಂಬುದು ಸಂಖ್ಯೆಯ ಆಟವಾಗಿರುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ವಿಭಜನೆಗೆ ಮುನ್ನ ಮುಸ್ಲಿಮರಲ್ಲಿಯೂ ಒಮ್ಮತವಿರಲಿಲ್ಲ. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ನೇತೃತ್ವದ ಸಮಿತಿಯು 2010ರ ಡಿಸೆಂಬರಿನಲ್ಲಿ ವರದಿ ಸಲ್ಲಿಸಿ ಆರು ಆಯ್ಕೆಗಳನ್ನು ಮುಂದಿಟ್ಟಿತು. ಹೈದರಾಬಾದ್ ಹಳೆ ನಗರವನ್ನು ಪ್ರತಿನಿಧಿಸುವ ಮಜ್ಲಿಸ್ ಪಕ್ಷವು ರಾಜ್ಯ ಒಂದಾಗಿಯೇ ಇರಲಿ ಎಂದಿತು. ಒಡೆಯುವುದೇ ಆದರೆ ರಾಯಲಸೀಮೆಯನ್ನೂ ಸೇರಿಸಿಕೊಂಡ ತೆಲಂಗಾಣವಾಗಲಿ ಎಂಬುದು ಅದರ ಎರಡನೆಯ ನಿಲುವಾಗಿತ್ತು. ಆದರೆ ತೆಲಂಗಾಣದ ಜಿಲ್ಲೆಗಳ ಅನೇಕ ಮುಸ್ಲಿಮರು ಪ್ರತ್ಯೇಕ ರಾಜ್ಯದ ಹೋರಾಟದಲ್ಲಿ ಮನಃಪೂರ್ವಕವಾಗಿ ಪಾಲ್ಗೊಂಡರು. ಇಬ್ಬರೂ ತಂತಮ್ಮ ನೆಲೆಯಲ್ಲಿ ನಿಂತು ಯೋಚಿಸಿದ್ದರು. ಇಬ್ಬರಲ್ಲಿ ಯಾರನ್ನೂ ದೂರುವಂತಿಲ್ಲ.

ಆದರೆ ಮೂರನೆಯವರೊಬ್ಬರಿದ್ದರು. ಕರ್ನೂಲು, ಕಡಪ, ಗುಂಟೂರು, ನೆಲ್ಲೂರುಗಳ ಮುಸ್ಲಿಮರು. ಚರ್ಚೆಯಲ್ಲಿ ಅವರ ಧ್ವನಿ ಬಹುತೇಕ ಕೇಳಿಸಲೇ ಇಲ್ಲ. ಮುಸ್ಲಿಮರ ಪ್ರಶ್ನೆಯೆಂದರೆ ಹೈದರಾಬಾದಿನ ಪ್ರಶ್ನೆ ಎಂದೇ ಎಲ್ಲರೂ ಭಾವಿಸಿದ್ದರು. ಆದರೆ ಆರು ದಶಕಗಳ ಕಾಲ ಸಮುದಾಯದ ಪ್ರಮುಖ ಸಂಸ್ಥೆಗಳೆಲ್ಲ ನೆಲೆಯೂರಿದ್ದು ಹೈದರಾಬಾದಿನಲ್ಲಿಯೇ. ವಕ್ಫ್ ಮಂಡಳಿಯ ಕಚೇರಿ, ಹಜ್ ಭವನ, ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ, ಉರ್ದು ಪತ್ರಿಕೆಗಳು, ಹಳೆಯ ಗ್ರಂಥಾಲಯಗಳು ಎಲ್ಲವೂ ಅಲ್ಲಿ. 2014ರ ಜೂನ್ 2ರ ಬೆಳಿಗ್ಗೆ ಸುಮಾರು 36 ಲಕ್ಷ ಮುಸ್ಲಿಮರು ಎದ್ದು ನೋಡಿದಾಗ ತಮ್ಮದೆಂದು ನಂಬಿದ್ದ ಸಂಸ್ಥೆಗಳು ನೆರೆರಾಜ್ಯದಲ್ಲಿದ್ದವು. ವಿಭಜನೆಯಲ್ಲಿ ಅತಿ ಹೆಚ್ಚು ಕಳಕೊಳ್ಳುವವರು ಯಾರೆಂದರೆ, ಸಂಖ್ಯೆಯಲ್ಲಿ ಕುಗ್ಗುವವರು ಮತ್ತು ರಾಜಧಾನಿಯಿಂದ ದೂರ ಉಳಿಯುವವರು. ಅವರ ಬಗ್ಗೆಯೇ ಮೊದಲು ಯೋಚಿಸಬೇಕಾಗಿತ್ತು.

ವಕ್ಫ್ ಆಸ್ತಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮಸೀದಿ, ದರ್ಗಾ, ದಫನಭೂಮಿ, ಆಶೂರ್‌ಖಾನಾಗಳ ನೆಲ ಎಲ್ಲಿದೆಯೋ ಅಲ್ಲಿಯೇ ಇರುತ್ತದೆ. ಅದನ್ನು ಹಂಚುವ ಪ್ರಶ್ನೆ ಬರುವುದಿಲ್ಲ. ಆದರೆ ಆ ನೆಲ ವಕ್ಫ್ ಎಂಬುದಕ್ಕಿರುವ ಸಾಕ್ಷ್ಯವು ಕಡತದಲ್ಲಿರುತ್ತದೆ. ಸರ್ವೆಯ ವರದಿ, ಗೆಝೆಟ್ ಪ್ರಕಟಣೆ, ಮುತವಲ್ಲಿಗಳ ನೇಮಕಪತ್ರ, ಒತ್ತುವರಿಯ ವಿರುದ್ಧ ಹೂಡಿದ ದಾವೆಯ ಕಾಗದಗಳು ಇವೆಲ್ಲ ಮಂಡಳಿಯ ಕೇಂದ್ರ ಕಚೇರಿಯ ಕಪಾಟಿನಲ್ಲಿರುತ್ತವೆ. ಕಡತ ಒಂದು ರಾಜ್ಯದಲ್ಲಿ, ನೆಲ ಇನ್ನೊಂದು ರಾಜ್ಯದಲ್ಲಿ ಎಂದಾದರೆ ಒತ್ತುವರಿದಾರನಿಗೆ ಹಬ್ಬ. ರಾಜ್ಯ ಪುನರ್ವಿಂಗಡಣೆಯಾದಾಗ ಮಂಡಳಿಯನ್ನು ಪುನರ್ರಚಿಸಲು 1995ರ ವಕ್ಫ್ ಕಾನೂನಿನ 102ನೇ ಸೆಕ್ಷನ್ ಅವಕಾಶ ಕಲ್ಪಿಸಿತ್ತು. ಆದರೆ ಅವಕಾಶ ಕಲ್ಪಿಸುವುದು ಬೇರೆ, ಗಡುವು ವಿಧಿಸುವುದು ಬೇರೆ. ವಿಭಜನೆಯ ದಿನವೇ ಮಂಡಳಿ ಎರಡಾಗಲಿಲ್ಲ. ಸರಕಾರಿ ನೌಕರರ ಹಂಚಿಕೆಗೆ ಕಮಲನಾಥನ್ ಸಮಿತಿ ಇತ್ತು. 9ನೇ ಅನುಸೂಚಿಯ ನಿಗಮಗಳ ಹಂಚಿಕೆಗೆ ಶೀಲಾ ಭಿಡೆ ಸಮಿತಿ ಇತ್ತು. ವಕ್ಫ್ ಕಡತಗಳನ್ನು ಇಂತಿಷ್ಟು ದಿನಗಳೊಳಗೆ ಎಣಿಸಿ ಹಸ್ತಾಂತರಿಸಬೇಕೆಂಬ ಒಂದು ಸಾಲು ಪುನರ್ವಿಂಗಡಣಾ ಕಾಯ್ದೆಯಲ್ಲಿ ಇದ್ದಿದ್ದರೆ ಏನು ನಷ್ಟವಾಗುತ್ತಿತ್ತು?

ಈ ಮರೆವು 2014ರಲ್ಲಿ ಆರಂಭವಾದುದಲ್ಲ. 1956ರ ಫೆಬ್ರವರಿ 20ರಂದು ಆಂಧ್ರ ಮತ್ತು ತೆಲಂಗಾಣದ ನಾಯಕರು ಒಂದು ಒಪ್ಪಂದ ಮಾಡಿಕೊಂಡರು. ಅದನ್ನು ‘ಸಭ್ಯರ ಒಪ್ಪಂದ’ ಎಂದು ಕರೆಯಲಾಯಿತು. ತೆಲಂಗಾಣದ ಆಡಳಿತ ಮತ್ತು ನ್ಯಾಯಾಲಯಗಳಲ್ಲಿ ಉರ್ದುವಿಗಿದ್ದ ಸ್ಥಾನ ಐದು ವರ್ಷಗಳ ಕಾಲ ಮುಂದುವರಿಯಬೇಕೆಂಬುದೂ ಅದರಲ್ಲಿ ಸೇರಿತ್ತು. ಒಪ್ಪಂದದ ಹೆಸರಲ್ಲೇ ಅದರ ದೌರ್ಬಲ್ಯವೂ ಅಡಗಿತ್ತು. ಅದು ಸಭ್ಯರ ಮಾತು, ಕಾನೂನಲ್ಲ. ಮಾತು ತಪ್ಪಿದರೆ ಯಾವ ಕೋರ್ಟಿನ ಮೆಟ್ಟಿಲೇರುವುದು? ಉದ್ಯೋಗ ಮತ್ತು ಅನುದಾನದ ವಿಷಯದಲ್ಲಿ ಆ ಒಪ್ಪಂದ ಉಲ್ಲಂಘನೆಯಾಯಿತೆಂಬ ದೂರೇ 1969ರ ತೆಲಂಗಾಣ ಚಳವಳಿಗೆ ಕಿಚ್ಚು ಹಚ್ಚಿತು. ಉರ್ದುವಿನ ಐದು ವರ್ಷಗಳ ಬಗ್ಗೆ ಬೀದಿಗಿಳಿದು ಕೇಳುವ ಶಕ್ತಿ ಯಾರಲ್ಲೂ ಇರಲಿಲ್ಲ.

ಅದೇ ವರ್ಷ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ತೆಲಂಗಾಣ ಆಂಧ್ರಕ್ಕೆ, ಮರಾಠವಾಡ ಮುಂಬಯಿಗೆ, ಬೀದರ್-ಕಲಬುರಗಿ-ರಾಯಚೂರು ಮೈಸೂರಿಗೆ ಸೇರಿದವು. ಕನ್ನಡಿಗರ ಪಾಲಿಗೆ ಅದು ಏಕೀಕರಣದ ಸಂಭ್ರಮ. ಆ ಸಂಭ್ರಮ ನಮ್ಮದೂ ಹೌದು, ಈ ನಾಡು ನಮ್ಮದೂ ಹೌದು. ಆದರೆ ಆ ದಿನದ ಇನ್ನೊಂದು ಮುಖವನ್ನೂ ನೆನಪಿಸಿಕೊಳ್ಳುವುದರಿಂದ ಸಂಭ್ರಮಕ್ಕೆ ಕುಂದಾಗುವುದಿಲ್ಲ. ಅದುವರೆಗೆ ಒಂದೇ ರಾಜ್ಯದಲ್ಲಿದ್ದ ಉರ್ದು ಭಾಷಿಕರು ಅಂದಿನಿಂದ ಮೂರು ರಾಜ್ಯಗಳ ಅಲ್ಪಸಂಖ್ಯಾತರಾದರು. ಉರ್ದುವಿನಲ್ಲಿ ಓದಿ, ಉರ್ದುವಿನಲ್ಲಿ ಕಚೇರಿ ನಡೆಸಿದ್ದ ಗುಮಾಸ್ತ, ವಕೀಲ, ಮೇಷ್ಟ್ರುಗಳ ವಿದ್ಯೆ ಕಚೇರಿಯ ಬಾಗಿಲಲ್ಲಿ ಬೆಲೆ ಕಳಕೊಂಡಿತು. 1948ರ ಪೊಲೀಸ್ ಕಾರ್ಯಾಚರಣೆಯ ಸಂದರ್ಭದ ಹಿಂಸೆಯಿಂದ ಇನ್ನೂ ಚೇತರಿಸಿಕೊಂಡಿರದ ಕುಟುಂಬಗಳಿಗೆ ಇದು ಎರಡನೆಯ ಆಘಾತ. ಬೀದರ್, ಕಲಬುರಗಿಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಇಂದಿಗೂ ಉರ್ದು ಲಿಪಿಯ ಜಮೀನು ಪತ್ರಗಳಿವೆ. ಅವುಗಳನ್ನು ಓದಬಲ್ಲವರ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗುತ್ತಿದೆ. ಓದಲಾಗದ ಪತ್ರದ ಮೇಲೆ ಹಕ್ಕು ಸ್ಥಾಪಿಸುವುದು ಎಷ್ಟು ಕಷ್ಟವೆಂಬುದು ಅನುಭವಿಸಿದವರಿಗೇ ಗೊತ್ತು.

ಹಾಗೆಂದು ಆಗಿನವರು ಏನನ್ನೂ ಯೋಚಿಸಿರಲಿಲ್ಲ ಎನ್ನುವಂತಿಲ್ಲ. ಫಝ್ಲ್ ಅಲಿ, ಕುಂಝ್ರು ಮತ್ತು ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು ಭಾಷಿಕ ಅಲ್ಪಸಂಖ್ಯಾತರ ರಕ್ಷಣೆಯನ್ನು ಗಂಭೀರವಾಗಿ ಪರಿಗಣಿಸಿತ್ತು. ಅದರ ಫಲವಾಗಿ 1956ರಲ್ಲಿ ಸಂವಿಧಾನಕ್ಕೆ ಏಳನೇ ತಿದ್ದುಪಡಿಯಾಗಿ 350ಎ ಮತ್ತು 350ಬಿ ವಿಧಿಗಳು ಸೇರಿದವು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯಗಳು ಶ್ರಮಿಸಬೇಕೆಂದು ಒಂದು ವಿಧಿ ಹೇಳಿದರೆ, ಭಾಷಿಕ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯೊಬ್ಬರು ಇರಬೇಕೆಂದು ಇನ್ನೊಂದು ವಿಧಿ ಹೇಳುತ್ತದೆ. ಒಳ್ಳೆಯ ವಿಧಿಗಳೇ. ಆದರೆ ಆ ಅಧಿಕಾರಿ ರಾಷ್ಟ್ರಪತಿಗಳಿಗೆ ವರದಿ ಸಲ್ಲಿಸಬಲ್ಲರೇ ಹೊರತು ಆದೇಶ ನೀಡಲಾರರು. ವರದಿ ಸಂಸತ್ತಿನ ಮುಂದೆ ಬರುತ್ತದೆ, ಬಳಿಕ ಕಪಾಟು ಸೇರುತ್ತದೆ. 1992ರ ಕಾನೂನಿನ ಮೂಲಕ ಬಂದ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಅದರದ್ದೂ ಶಿಫಾರಸೇ.

2014ರ ನಂತರ ಎರಡೂ ರಾಜ್ಯಗಳಲ್ಲಿ ಒಳ್ಳೆಯ ಕೆಲಸಗಳು ನಡೆದಿವೆ, ಅದನ್ನು ಒಪ್ಪಿಕೊಳ್ಳಲೇಬೇಕು. ತೆಲಂಗಾಣವು 2016ರಲ್ಲಿ 71 ಅಲ್ಪಸಂಖ್ಯಾತರ ವಸತಿ ಶಾಲೆಗಳನ್ನು ತೆರೆದು, ಮುಂದೆ ಅವುಗಳ ಸಂಖ್ಯೆಯನ್ನು 204ಕ್ಕೆ ಏರಿಸಿತು. ಬಡ ಮನೆಗಳ ಹೆಣ್ಣುಮಕ್ಕಳು ಅಲ್ಲಿ ಊಟ, ವಸತಿಯೊಂದಿಗೆ ಕಲಿಯುವಂತಾಯಿತು. 2017ರಲ್ಲಿ ಇಡೀ ತೆಲಂಗಾಣದಲ್ಲಿ ಉರ್ದುವಿಗೆ ಎರಡನೇ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿತು. ಆಂಧ್ರವು ಕರ್ನೂಲಿನಲ್ಲಿ ಡಾ. ಅಬ್ದುಲ್ ಹಕ್ ಉರ್ದು ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು ಮತ್ತು 2022ರಲ್ಲಿ ಉರ್ದುವನ್ನು ಎರಡನೇ ಅಧಿಕೃತ ಭಾಷೆಯಾಗಿಸುವ ಮಸೂದೆಗೆ ಅಲ್ಲಿನ ವಿಧಾನಸಭೆ ಅಂಗೀಕಾರ ನೀಡಿತು.

ಆದರೆ ಇವೆಲ್ಲವೂ ವಿಭಜನೆಯ ಬಳಿಕ ಬಂದ ಸರಕಾರಗಳು ತಾವಾಗಿ ಮಾಡಿದ ಕೆಲಸಗಳು. ಸರಕಾರ ಕೊಟ್ಟದ್ದನ್ನು ಸರಕಾರ ಹಿಂಪಡೆಯಬಲ್ಲದು. ಒಂದು ಬಜೆಟಿನಲ್ಲಿ ಉದಾರವಾಗಿ ದೊರೆತದ್ದು ಮುಂದಿನ ಬಜೆಟಿನಲ್ಲಿ ಸೊರಗಬಹುದು. ಮುಸ್ಲಿಮರ ಮೀಸಲಾತಿಯನ್ನು ಶೇ. 12ಕ್ಕೆ ಏರಿಸುವ ಮಸೂದೆಯನ್ನು ತೆಲಂಗಾಣ ವಿಧಾನಸಭೆ 2017ರ ಏಪ್ರಿಲಿನಲ್ಲಿ ಅಂಗೀಕರಿಸಿತು. ಅದು ದಿಲ್ಲಿಗೆ ಹೋಯಿತು, ಕಾನೂನಾಗಿ ಮರಳಲಿಲ್ಲ. ಅವಿಭಜಿತ ಆಂಧ್ರದ ಕಾಲದ ಶೇ. 4ರ ಮೀಸಲಾತಿಯಾದರೋ 2010ರಲ್ಲಿ ಸುಪ್ರೀಮ್ ಕೋರ್ಟು ನೀಡಿದ ಮಧ್ಯಂತರ ಆದೇಶದ ಆಸರೆಯಲ್ಲಿ ಎರಡೂ ರಾಜ್ಯಗಳಲ್ಲಿ ಮುಂದುವರಿಯಿತು. ಕೃಪೆ ಮತ್ತು ಹಕ್ಕಿನ ನಡುವಿನ ವ್ಯತ್ಯಾಸ ಇಲ್ಲಿಯೇ ಇರುವುದು. ಕೃಪೆಗೆ ಪ್ರತಿ ಚುನಾವಣೆಯಲ್ಲೂ ಕೃತಜ್ಞತೆ ಸಲ್ಲಿಸಬೇಕು. ಹಕ್ಕಿಗೆ ಹಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಸಂವಿಧಾನದ ಮುಂದೆ ಎಲ್ಲರೂ ಸಮಾನರು, 29 ಮತ್ತು 30ನೇ ವಿಧಿಗಳು ಇಡೀ ದೇಶಕ್ಕೆ ಅನ್ವಯಿಸುತ್ತವೆ, ಹಾಗಿರುವಾಗ ವಿಭಜನೆಯ ಕಾಯ್ದೆಯಲ್ಲಿ ಪ್ರತ್ಯೇಕ ಅಧ್ಯಾಯ ಯಾತಕ್ಕೆ? ಇದು ತೆಗೆದುಹಾಕುವಂಥ ಪ್ರಶ್ನೆಯಲ್ಲ. ಆದರೆ ಮೂಲಭೂತ ಹಕ್ಕು ಗಡಿ ದಾಟಿ ಬರುತ್ತದೆ, ಸಂಸ್ಥೆ ಬರುವುದಿಲ್ಲ. ಶಾಲೆ ನಡೆಸುವ ಹಕ್ಕು ಗುಂಟೂರಿನವನಿಗೆ ನಿನ್ನೆಯೂ ಇತ್ತು, ಇಂದೂ ಇದೆ. ಆದರೆ ಆ ಶಾಲೆಗೆ ಅನುದಾನ ಮಂಜೂರು ಮಾಡುತ್ತಿದ್ದ ಕಚೇರಿ, ಉರ್ದು ಪಠ್ಯ ಸಿದ್ಧಪಡಿಸುತ್ತಿದ್ದ ತಜ್ಞರು, ಶಿಕ್ಷಕರ ನೇಮಕದ ಪಟ್ಟಿ ಇವು ಒಂದೇ ರಾತ್ರಿಯಲ್ಲಿ ಇನ್ನೊಂದು ರಾಜ್ಯದ್ದಾಗುತ್ತವೆ. ನಾವು ಕೇಳುವುದು ವಿಶೇಷ ಸವಲತ್ತನ್ನಲ್ಲ. ನೌಕರರಿಗೆ, ನದಿಗೆ, ನಿಗಮಕ್ಕೆ ಮಾಡಿದ ವ್ಯವಸ್ಥೆಯನ್ನು ಜನರಿಗೂ ಮಾಡಿ ಎಂಬುದಷ್ಟನ್ನೇ. ಹೊಸ ರಾಜ್ಯದ ಕೈಕಟ್ಟಿದಂತಾಗುತ್ತದೆ ಎಂಬ ಮಾತಿಗೂ ಕಾಯ್ದೆಯಲ್ಲೇ ಉತ್ತರವಿದೆ. 95ನೇ ಸೆಕ್ಷನ್ನಿನಂತೆ ಹತ್ತು ವರ್ಷಗಳ ಮಿತಿಯನ್ನು ಇಟ್ಟರಾಯಿತು.

ಹಾಗಾದರೆ ಏನನ್ನು ಬರೆಯಬೇಕು? ಮಸೂದೆ ಸಿದ್ಧವಾಗುವ ಮುನ್ನವೇ ಪ್ರತಿ ಜಿಲ್ಲೆಯ ಧಾರ್ಮಿಕ ಮತ್ತು ಭಾಷಿಕ ಅಲ್ಪಸಂಖ್ಯಾತರ ಸಂಖ್ಯೆ, ಶಾಲೆ, ಹಾಸ್ಟೆಲು, ವಕ್ಫ್ ಮತ್ತು ಧರ್ಮದತ್ತಿ ಆಸ್ತಿಗಳ ಪಟ್ಟಿ ಪ್ರಕಟವಾಗಬೇಕು. ವಕ್ಫ್ ದಾಖಲೆಗಳ ದೃಢೀಕೃತ ಪ್ರತಿಗಳು ವಿಭಜನೆಯ ದಿನಕ್ಕೆ ಮೊದಲೇ ಎರಡೂ ಕಡೆ ಇರಬೇಕು. ಹಿಂದುಳಿದ ವರ್ಗಗಳ ಪಟ್ಟಿ, ವಿದ್ಯಾರ್ಥಿವೇತನ ಮತ್ತು ಪ್ರವೇಶದ ಸೌಲಭ್ಯಗಳು ನಿಗದಿತ ಅವಧಿಯವರೆಗೆ ಕಡಿತವಿಲ್ಲದೆ ಮುಂದುವರಿಯಬೇಕು. ಒಂದು ಕಡೆ ಮಾತ್ರ ಇರುವ ಸಂಸ್ಥೆಗೆ ಸಮನಾದುದನ್ನು ಇನ್ನೊಂದು ಕಡೆ ಕಟ್ಟಲು ಹಣ ಮತ್ತು ಕಾಲಮಿತಿ ನಿಗದಿಯಾಗಬೇಕು. ಇವೆಲ್ಲ ಆದುವೋ ಇಲ್ಲವೋ ಎಂದು ನೋಡಿ ಆದೇಶ ಹೊರಡಿಸುವ ಅಧಿಕಾರವುಳ್ಳ ಒಬ್ಬ ಅಧಿಕಾರಿ ಇರಬೇಕು.

ಮತ್ತು ಇದೆಲ್ಲವೂ ಮಸೂದೆಯಲ್ಲಿಯೇ ಇರಬೇಕು. ಯಾಕೆಂದರೆ ಸಂವಿಧಾನದ 3ನೇ ವಿಧಿಯಂತೆ ರಾಜ್ಯವನ್ನು ಒಡೆಯುವ ಅಧಿಕಾರ ಸಂಸತ್ತಿನದು. ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. 2014ರ ಜನವರಿ 30ರಂದು ಆಂಧ್ರ ವಿಧಾನಸಭೆ ಮಸೂದೆಯನ್ನು ತಿರಸ್ಕರಿಸಿತು. ಫೆಬ್ರವರಿ 18ರಂದು ಲೋಕಸಭೆ ಮತ್ತು 20ರಂದು ರಾಜ್ಯಸಭೆ ಅದಕ್ಕೆ ಅಂಗೀಕಾರ ನೀಡಿದವು. ಬಹುಸಂಖ್ಯಾತರ ಸದನದ ತಿರಸ್ಕಾರಕ್ಕೇ ಮೂರು ವಾರಗಳ ಬೆಲೆ ಎಂದಾದರೆ ಅಲ್ಪಸಂಖ್ಯಾತರ ಮನವಿಗೆ ಎಷ್ಟು? ಮಸೂದೆ ಅಂಗೀಕಾರವಾದ ಬಳಿಕ ಕೇಳುವುದೆಂದರೆ ಜಮಾಅತ್ ಮುಗಿದ ಮೇಲೆ ಸಫ್ ಹುಡುಕಿದಂತೆ.

ಬರೆದಿಡುವ ಈ ಪಾಠ ನಮಗೆ ಹೊಸತಲ್ಲ. ಸಾಲದ ವ್ಯವಹಾರವನ್ನು ಅವಧಿ ಸಹಿತ ಬರೆದಿಡಿ, ಸಾಕ್ಷಿಗಳನ್ನು ಇಟ್ಟುಕೊಳ್ಳಿ ಎಂದು ಪವಿತ್ರ ಕುರ್‌ಆನ್ ಆಜ್ಞಾಪಿಸುತ್ತದೆ. ಪರಸ್ಪರ ನಂಬಿಕೆಯಿಲ್ಲ ಎಂದಲ್ಲ, ನಂಬಿಕೆ ಮುರಿಯದಿರಲಿ ಎಂದು. ಪ್ರವಾದಿ ಮುಹಮ್ಮದ್(ಸ) ಮದೀನಾಕ್ಕೆ ಬಂದು ಹೊಸ ಸಮಾಜವೊಂದನ್ನು ಕಟ್ಟಿದಾಗ ಕೇವಲ ಸದಾಶಯದ ಮಾತುಗಳಿಗೆ ನಿಲ್ಲಲಿಲ್ಲ. ಮೀಸಾಕೆ ಮದೀನ ಎಂಬ ಕರಾರನ್ನು ಬರೆಯಿಸಿದರು. ಅದರಲ್ಲಿ ಗೋತ್ರಗಳ ಹೆಸರಿದೆ. ಬನೂ ಔಫ್ ಮತ್ತಿತರ ಗೋತ್ರಗಳ ಯಹೂದಿಯರ ಹೆಸರು ಇದೆ. ಅವರ ಧರ್ಮ ಅವರಿಗೆ ಎಂಬ ಖಾತರಿಯೂ ಇದೆ. ಸಂಖ್ಯೆಯಲ್ಲಿ ಕಡಿಮೆಯಿದ್ದವರನ್ನು ‘ಎಲ್ಲರೂ’ ಎಂಬ ಪದದೊಳಗೆ ಕರಗಿಸದೆ ಹೆಸರು ಹಿಡಿದು ಬರೆದುದೇ ಆ ಕರಾರಿನ ಹಿರಿಮೆ.

ಆದರೆ ಈ ಮಾತನ್ನು ಆಡುವವರು ಮೊದಲು ತಮ್ಮನ್ನೇ ತೂಗಿ ನೋಡಬೇಕು. ನ್ಯಾಯ ನಮ್ಮ ವಿರುದ್ಧವೇ ಆಗಿದ್ದರೂ ನ್ಯಾಯದ ಪರ ನಿಲ್ಲಿರಿ, ಅಮಾನತ್ತನ್ನು ಅದರ ಹಕ್ಕುದಾರರಿಗೆ ತಲುಪಿಸಿರಿ ಎಂಬುದೂ ಅದೇ ಕುರ್‌ಆನಿನ ಆದೇಶ. ಹೈದರಾಬಾದಿನ ಕಪಾಟಿನಲ್ಲಿರುವ ಕಡಪದ ದರ್ಗಾದ ಕಡತ ತೆಲಂಗಾಣದ ಮುಸ್ಲಿಮರ ಕೈಯಲ್ಲಿರುವ ಅಮಾನತ್ತು. ಅದನ್ನು ತಲುಪಿಸಲು ಸರಕಾರದ ಆದೇಶಕ್ಕಾಗಿ ಕಾಯಬೇಕೇ? ಸಂಖ್ಯೆ ಹೆಚ್ಚಿದವರು ಸಂಖ್ಯೆ ಕುಗ್ಗಿದವರನ್ನು ಮರೆತರೆ, ನಾವು ಬಹುಸಂಖ್ಯಾತರ ಮೇಲೆ ಹೊರಿಸುವ ಆರೋಪವನ್ನೇ ನಮ್ಮ ಮೇಲೂ ಹೊರಿಸಿಕೊಳ್ಳಬೇಕಾಗುತ್ತದೆ.

ಹಾಗೆಯೇ ಅಲ್ಪಸಂಖ್ಯಾತ ಎಂದಾಗ ನಮ್ಮ ಕಣ್ಣಿಗೆ ನಾವು ಮಾತ್ರ ಕಾಣಬಾರದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಅಲ್ಲಿನ ಕನ್ನಡಿಗರು ಅಂದಿನಿಂದ ಭಾಷಿಕ ಅಲ್ಪಸಂಖ್ಯಾತರು. ಅವರ ಮಕ್ಕಳ ಕನ್ನಡ ಶಾಲೆಯ ಪ್ರಶ್ನೆ ಮತ್ತು ರಾಯಚೂರಿನ ಉರ್ದು ಶಾಲೆಯ ಪ್ರಶ್ನೆ ಬೇರೆ ಬೇರೆಯಲ್ಲ. ಶಿಕ್ಷಕನಿಲ್ಲದ ತರಗತಿಗೆ ಧರ್ಮವಿಲ್ಲ. ಆದೋನಿಯ ಕನ್ನಡ ಶಾಲೆಯ ಪರವಾಗಿ ರಾಯಚೂರಿನ ಮುಸ್ಲಿಮನೂ, ರಾಯಚೂರಿನ ಉರ್ದು ಶಾಲೆಯ ಪರವಾಗಿ ಬೆಂಗಳೂರಿನ ಕನ್ನಡ ಹೋರಾಟಗಾರನೂ ಮಾತಾಡುವ ದಿನ ಬಂದರೆ ಇಬ್ಬರ ಮಾತಿಗೂ ತೂಕ ಹೆಚ್ಚುತ್ತದೆ.

ನಮ್ಮ ರಾಜ್ಯದಲ್ಲಿಯೂ ಉತ್ತರ ಕರ್ನಾಟಕ ಪ್ರತ್ಯೇಕವಾಗಲಿ ಎಂಬ ಕೂಗು ಆಗಾಗ ಏಳುತ್ತದೆ, ತಣ್ಣಗಾಗುತ್ತದೆ. ಕರ್ನಾಟಕ ಅಖಂಡವಾಗಿರಲಿ ಎಂಬುದೇ ಈ ಲೇಖಕನ ಹಾರೈಕೆ. ಕಲ್ಯಾಣ ಕರ್ನಾಟಕದ ಹಿಂದುಳಿಯುವಿಕೆಗೆ 371ಜೆ ವಿಧಿಯಂಥ ಪರಿಹಾರವನ್ನು ಸಂವಿಧಾನದಲ್ಲಿಯೇ ಬರೆಯಿಸಿಕೊಂಡ ನಾಡು ಇದು. ಮಾತಿನಲ್ಲಿದ್ದ ಭರವಸೆ ವಿಧಿಯಾದಾಗ ವೈದ್ಯಕೀಯ ಸೀಟು ಮತ್ತು ಸರಕಾರಿ ಹುದ್ದೆಗಳ ರೂಪದಲ್ಲಿ ಆ ಜಿಲ್ಲೆಗಳ ಮಕ್ಕಳ ಕೈಗೆ ಬಂತು. ಬರೆದುದರ ಬೆಲೆಗೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇಕಿಲ್ಲ.

ಆದರೂ ದೇಶದ ಎಲ್ಲಾದರೂ ರಾಜ್ಯವೊಂದು ಒಡೆಯುವ ಮಾತು ಬಂದಾಗ ಮುಸ್ಲಿಮರನ್ನು ಒಂದೇ ಪ್ರಶ್ನೆ ಕೇಳಲಾಗುತ್ತದೆ: ನೀವು ಪರವೋ, ವಿರುದ್ಧವೋ? ನಾವೂ ಅದಕ್ಕೆ ಉತ್ತರಿಸುವುದರಲ್ಲಿಯೇ ಕಾಲ ಕಳೆದು, ನಮ್ಮೊಳಗೇ ಎರಡು ಬಣಗಳಾಗಿ, ಗಡಿಗೆರೆ ಬಿದ್ದ ಮೇಲೆ ಎಚ್ಚರಗೊಳ್ಳುತ್ತೇವೆ. ಮುಂದಿನ ಸಲ ನಾವು ಪ್ರಶ್ನೆಯನ್ನು ಮರಳಿ ಕೇಳಬೇಕು. ಪರ-ವಿರೋಧದ ಮಾತು ಆಮೇಲೆ. ಮಸೂದೆಯ ಕರಡನ್ನು ತನ್ನಿ, ಅದರಲ್ಲಿ ನಮ್ಮ ಬಗ್ಗೆ, ಮತ್ತು ನಮ್ಮಂತೆಯೇ ಕಡಿಮೆ ಸಂಖ್ಯೆಯಲ್ಲಿರುವ ಉಳಿದವರ ಬಗ್ಗೆ ಬರೆದಿರುವುದು ಎಷ್ಟನೇ ಸೆಕ್ಷನ್ನಿನಲ್ಲಿ? ತೋರಿಸಿ.